ಹೆಬ್ಬಾವಿನ ಮಹಾಪ್ರಾಣ

ಮತ್ತೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ, ಮೆಟ್ಟಿಲ ಕೆಳಗೆ,
ತಲೆ ಬಗ್ಗಿಸಿ ಬರಬೇಕಾದ ಅಂಗಡಿ ನನ್ನದು.
ಬೋರ್ಡು ಬರೆದವನು ಝೆರಾಕ್ಸಿಗೆ ಒಂದಕ್ಷರ ಹೆಚ್ಚೇ ಕೊಟ್ಟ,
ದುಡ್ಡು ಮಾತ್ರ ಅಷ್ಟೇ ತಗೊಂಡ.
ಹನ್ನೊಂದು ವರ್ಷವಾಯಿತು, ಯಾರೂ ಕೇಳಿಲ್ಲ.

ಅದಕ್ಕೂ ಮೊದಲು ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ
ಮೊಳೆ ಜೋಡಿಸುತ್ತಿದ್ದೆ.
ಒಂದು ಸಲ ಲಗ್ನಪತ್ರಿಕೆಯಲ್ಲಿ ಕೊಂಬಿನ ಮೊಳೆ ಜಾರಿ
ವಧು ಹೋಗಿ ವಧ ಆಯಿತು,
ಐನೂರು ಪ್ರತಿ, ಅರಿಶಿನದ ಬಣ್ಣದ ಕಾಗದ.
ಹುಡುಗಿಯ ಸೋದರಮಾವ ಮೇಜಿನ ಮೇಲೆ ಕಟ್ಟು ಎಸೆದ ಸದ್ದು
ಈಗಲೂ ಕಿವಿಯಲ್ಲಿದೆ.
ಅವತ್ತಿನಿಂದ ನನಗೆ ಪದ ಕಾಣುವುದಿಲ್ಲ,
ಮೊಳೆ ಕಾಣುತ್ತದೆ.

ಹಾಗಾಗಿ ದ್ರಾಕ್ಷಾಯಿಣಿ ಪೆನ್‌ಡ್ರೈವ್ ಚಾಚಿ
"ಒಂದೇ ಕಾಪಿ ಅಂಕಲ್, ಕಲರ್ ಬೇಡ" ಅಂದಾಗ
ಕೈ ತಾನಾಗಿ ನಿಂತಿತು.
ಪೈಥಾನಿನ ಹೆಚ್ಚು ತನ್ನ ಟಿಯನ್ನು ಬಿಟ್ಟು
ಪಿಯ ಪಕ್ಕ ಹೋಗಿ ಕೂತಿದೆ.
ಹೊಟ್ಟೆಯಲ್ಲಿರಬೇಕಾದ ಮಹಾಪ್ರಾಣ
ಹೆಬ್ಬಾವಿನ ತಲೆಗೇರಿದೆ.
ಓದಿದರೆ ಫೈಟಾನ್,
ಯಾವುದೋ ಮಂಡಿನೋವಿನ ಮಾತ್ರೆಯ ಹಾಗೆ.

ಕೆಳಗೆ ಜಾವಾಸ್ಕ್ರಿಪ್ಟು, ನಡುವೆ ಎರಡು ಬೆರಳು ಜಾಗ.
"ಇದು ಸಮಾಸ ಕಣಮ್ಮ, ಬಿಡಿಸಬಾರದು.
ಜಾವ ಅಂದರೆ ನಮ್ಮಜ್ಜಿಗೆ ಕೋಳಿ ಕೂಗುವ ಹೊತ್ತು,
ನಮ್ಮ ಪ್ರೆಸ್ಸಿನ ಯಜಮಾನರಿಗೆ ಒದ್ದರೂ ಏಳದ ಮೋಟಾರ್ ಬೈಕು,
ನಿನಗೆ ಎರಡೂ ಅಲ್ಲ ತಾನೇ?
ಬಿಡಿಸಿ ಬರೆದರೆ ಹುಡುಕುವ ಯಂತ್ರ
ನಿನ್ನನ್ನು ಯಾರದೋ ಸಾಲಿನಲ್ಲಿ ನಿಲ್ಲಿಸಿಬಿಡುತ್ತೆ."
ಅಲ್ಲೊಂದು ದೊಡ್ಡ ಎಸ್ಸು, ಇಲ್ಲೊಂದು ಚುಕ್ಕೆ,
ಸಿ ಅಕ್ಷರದ ಬೆನ್ನಿಗೆ ಎರಡು ಕೂಡಿಸುವ ಗುರುತು.
ದೊಡ್ಡಕ್ಷರ ಚಿಕ್ಕಕ್ಷರದ ಜಾತಿಯಿಲ್ಲದ ಲಿಪಿಯವನು ನಾನು,
ಕನ್ನಡಕ ಒರೆಸಿ ಒರೆಸಿ ಒಂದೊಂದನ್ನೂ ಕೂರಿಸಿದೆ.

ಕೊನೆಗೆ ಮೇಲಿನ ಹೆಸರು.
ದಾಕ್ಷಾಯಿಣಿ ಅಲ್ಲವೇನಮ್ಮ, ಅಂತ
ನಡುವಿನ ಆರ್ ಅಳಿಸಲು ಹೋದೆ.
ಅವಳು ನನ್ನ ಮಣಿಕಟ್ಟು ಹಿಡಿದೇಬಿಟ್ಟಳು.
"ಅದು ಬೇಡ ಅಂಕಲ್. ಮಾರ್ಕ್ಸ್ ಕಾರ್ಡಲ್ಲಿ ಹಾಗೇ ಇದೆ.
ಶ್ರೀರಾಂಪುರದ ಸ್ಕೂಲಲ್ಲಿ ಹೆಡ್‌ಮಿಸ್ಸು ಬರೆದದ್ದು.
ಆಧಾರು, ಪಾನು, ಬ್ಯಾಂಕು, ಎಲ್ಲ ಕಡೆ ನಾನು ದ್ರಾಕ್ಷಿ.
ನೋಟರಿ ಮಾಡಿಸು, ಪೇಪರಿಗೆ ಹಾಕಿಸು ಅಂದರು,
ಅಮ್ಮ ಸಾಕು ಬಿಡು ಅಂದಳು."
ಯಾವ ಕಾಡಿನ ಹಾವಿಗೋ ಉಸಿರು ಸ್ವಸ್ಥಾನಕ್ಕೆ ಬಂತು,
ದಕ್ಷನ ಮಗಳು ಗೊಂಚಲಲ್ಲೇ ಉಳಿದಳು.

ಪ್ರಿಂಟ್ ಒತ್ತಬೇಕು, ಅಷ್ಟರಲ್ಲಿ
"ಅಂಕಲ್, ಒಂದು ವಿಷಯ."
ಆರು ತಿಂಗಳು ಅದೇ ತಪ್ಪು ಸ್ಪೆಲಿಂಗಿನಲ್ಲಿ
ಕೆಲಸ ಹುಡುಕಿದ್ದಾಳೆ ಈ ಹುಡುಗಿ.
ಗೋಡೆ ಗೋಡೆಗೂ ಕೋಡಿಂಗ್ ಕ್ಲಾಸಿರುವ ಊರಿನಲ್ಲಿ
ಅವಳಿಗೆ ಸಿಕ್ಕದ್ದು ಒಂದೇ ಒಂದು ಜಾಹೀರಾತು.
ಪೀಣ್ಯ ಎರಡನೇ ಹಂತ, ಪಂಪ್‌ಸೆಟ್ಟಿನ ಕಂಪನಿ.
ಬರೆದವನ ಹೆಬ್ಬಾವಿಗೂ ಮಹಾಪ್ರಾಣ ತಲೆಯಲ್ಲೇ!
ನಾಳೆ ಹತ್ತೂವರೆಗೆ ಬರಹೇಳಿದ್ದಾರೆ.
"ತಿದ್ದಿಬಿಟ್ಟರೆ ಅವರಿಗೆ ನಾನೇ ತಪ್ಪಾಗಿ ಕಾಣಲ್ವಾ?"

ಮೂವತ್ತು ವರ್ಷ ಅಕ್ಷರ ಮುಟ್ಟಿದ ಬೆರಳಿಗೆ ಉತ್ತರ ಹೊಳೆಯಲಿಲ್ಲ.
ಎರಡೂ ತೆಗೆದೆ.
ಸರಿಯಾದದ್ದಕ್ಕೆ ನೀಲಿ ಕ್ಲಿಪ್ಪು, ಊರಿಗೆಲ್ಲ.
ಇನ್ನೊಂದಕ್ಕೆ ಕೆಂಪು, ಪೀಣ್ಯಕ್ಕೆ.
ಆ ಕೆಂಪಿನದಕ್ಕಾಗಿ, ಬೇಕೆಂದೇ,
ಹೆಚ್ಚನ್ನು ಕೊರಳು ಹಿಡಿದು ವಾಪಸ್ ತಪ್ಪಿಗೆ ತರುವಾಗ
ಹೊಟ್ಟೆಯೊಳಗೆ ಐನೂರು ಪತ್ರಿಕೆಯ ಕಟ್ಟು ಮತ್ತೆ ಬಿತ್ತು.

ಹತ್ತು ರೂಪಾಯಿ ಕೊಟ್ಟಳು.
ಬಗ್ಗುವುದು ಮರೆತು ಮೆಟ್ಟಿಲಿಗೆ ಹಣೆ ತಾಗಿಸಿಕೊಂಡು,
ನಕ್ಕು, ಎರಡನ್ನೂ ಒಂದೇ ಫೈಲಿಗೆ ತುರುಕಿ
ಬಸ್ಸಿಗೆ ಓಡಿದಳು.
ಕೆಂಪು ಯಾವುದು, ನೀಲಿ ಯಾವುದು,
ಹೇಳಿದೆನೋ ಇಲ್ಲವೋ.